ಎರಡನೆಯ ಗಾಡಿಗೆ ಜಾಗವೆಲ್ಲಿ?

ನಗರ ಪಾಲಿಕೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಸಂಜೆ ಹೊತ್ತು ಫುಡ್ ಟ್ರಕ್‌ಗಳ ಮುಂದೆ ಜನ ಮುತ್ತಿರುವುದನ್ನು ತಾವೂ ನೋಡಿರುತ್ತೀರಿ. ವ್ಯಾಪಾರ ಜೋರಾಗಿದೆ ಅನ್ನಿಸಿದ್ದರೆ ತಪ್ಪಲ್ಲ. ಜೋರಾದದ್ದರಿಂದಲೇ ನಾವು ಎರಡನೆಯ ಗಾಡಿ ಹಾಕಿದೆವು. ತಮಗೆ ಈ ಪತ್ರ ಬರೆಯುವ ಪ್ರಸಂಗ ಬಂದದ್ದೂ ಅದರಿಂದಲೇ.

ಗಿರಾಕಿಗೆ ಕಾಣುವುದು ದೋಸೆ ಹುಯ್ಯುವ ಕೈ ಮಾತ್ರ. ಗಾಡಿಯೊಳಗೆ ರುಬ್ಬಲು, ಹೆಚ್ಚಲು ಜಾಗವಿಲ್ಲ. ಅದಕ್ಕಾಗಿ ಬಾಡಿಗೆಗೆ ಹಿಡಿದ ಅಡುಗೆಮನೆ ಬೇರೆ ಇದೆ. ಅಲ್ಲಿ ಹಿಂದಿನ ರಾತ್ರಿಯೇ ಹಿಟ್ಟು ರುಬ್ಬಿಡಬೇಕು. ಏಪ್ರಿಲ್‌ನಲ್ಲಿ ಅದು ಹೊತ್ತಿಗೆ ಮೊದಲೇ ಹುಳಿಯಾಗುತ್ತದೆ, ಡಿಸೆಂಬರಿನಲ್ಲಿ ಬೆಳಗಾದರೂ ಉಬ್ಬಿರುವುದಿಲ್ಲ. ಮಧ್ಯಾಹ್ನ ಮೋಡ ಕವಿದರೆ ಕಾಯಿ ಚಟ್ನಿ ಎಷ್ಟು ಮಾಡುವುದೆಂಬುದೇ ತಲೆನೋವು. ಮಳೆ ಬಂದರೆ ಗಿರಾಕಿ ಇಲ್ಲ, ಮಿಕ್ಕ ಚಟ್ನಿ ನಾಳೆಗೆ ಆಗುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಲೆಕ್ಕ ನೀರಿನದು. 200 ಲೀಟರ್ ನೀರೆಂದರೆ 200 ಕೆಜಿ ಭಾರ. ಕಾವಲಿ, ಫ್ರಿಜ್, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್, ಕೆಲಸದ ಹುಡುಗರು ಎಲ್ಲ ಸೇರಿದ ಮೇಲೆ ಸಣ್ಣ ಗಾಡಿ ಹೊರುವಷ್ಟೇ ನೀರು ತರಬಹುದು. ಜನ ಹೆಚ್ಚಿದ ದಿನ ಅದು ನಡುವೆಯೇ ಮುಗಿಯುತ್ತದೆ. ತೊಳೆದ ನೀರನ್ನು ಮಳೆನೀರಿನ ಚರಂಡಿಗೆ ಬಿಡಬಾರದು, ಬಿಡುವುದೂ ಇಲ್ಲ. ಕ್ಯಾನಿಗೆ ತುಂಬಿ ರಾತ್ರಿ ವಾಪಸು ಹೊತ್ತೊಯ್ಯುತ್ತೇವೆ.

ಹೀಗೆ ಸಜ್ಜಾಗಿ ನಿಂತವರಿಗೆ ಏಳು ಗಂಟೆಗೆ ‘ಗಾಡಿ ತೆಗಿ’ ಎಂಬ ಮಾತು ಬರುತ್ತದೆ. ಕಾರಾದರೆ ಕೀಲಿ ತಿರುಗಿಸಿ ಹೋಗಬಹುದು. ಇಲ್ಲಿ ಒಲೆ ಆರಿಸಿ, ಸಿಲಿಂಡರ್ ಬಂದ್ ಮಾಡಿ, ದಪ್ಪ ಕಬ್ಬಿಣದ ಕಾವಲಿ ತಣಿಯುವ ತನಕ ಕಾಯಬೇಕು. ಬಾಣಲೆಯಲ್ಲಿ ಬಿಸಿ ಎಣ್ಣೆ ಇಟ್ಟುಕೊಂಡು ಹಂಪ್ ಹಾರಿಸಲಾಗದು. ದುಡ್ಡು ಕೊಟ್ಟು ತಟ್ಟೆಗಾಗಿ ಕಾಯುತ್ತಿದ್ದವರಿಗೆ ದುಡ್ಡು ವಾಪಸು ಕೊಡುತ್ತಾ ನಿಲ್ಲಬೇಕು.

ಕಾಗದಪತ್ರ ಇಲ್ಲವೇ ಎಂದು ತಾವು ಕೇಳಬಹುದು. ಗಾಡಿಯ ಬಾಡಿ ಬದಲಾಯಿಸಿದ್ದಕ್ಕೆ ಆರ್‌ಟಿಒ ಒಪ್ಪಿಗೆ ಇದೆ, ಎಫ್‌ಸಿ ಇದೆ, ಆಹಾರ ಸುರಕ್ಷತೆಯ ನೋಂದಣಿ ಇದೆ. ಇಲ್ಲದ್ದು ನಿಲ್ಲುವ ಹಕ್ಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಜಾಗದಿಂದ ಜಾಗಕ್ಕೆ ಸುತ್ತಿ ಮಾರುವವರನ್ನೂ ವ್ಯಾಪಾರಿಗಳೆಂದು ಒಪ್ಪಿದೆ. ಆದರೆ ಮಾರಾಟ ಪ್ರಮಾಣಪತ್ರ ಬೇಕಾದರೆ ವ್ಯಾಪಾರವನ್ನು ತಾನೇ ಅಥವಾ ಮನೆಯವರೇ ನಡೆಸುತ್ತೇವೆಂದು, ಬೇರೆ ಜೀವನೋಪಾಯ ಇಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಬಡ ವ್ಯಾಪಾರಿಯ ಜಾಗವನ್ನು ದುಡ್ಡಿದ್ದವರು ನುಂಗಬಾರದೆಂದು ಇಟ್ಟ ಷರತ್ತು ಇದು. ಸರಿಯಾದದ್ದೇ. ಒಂದು ಗಾಡಿ ಇದ್ದಾಗ ನಾನೂ ನನ್ನ ಹೆಂಡತಿಯೂ ನಿಲ್ಲುತ್ತಿದ್ದೆವು, ಷರತ್ತಿಗೆ ಒಗ್ಗುತ್ತಿದ್ದೆವು. ಎರಡನೆಯದಕ್ಕೆ ಕುಂದಾಪುರದ ಭಟ್ಟರನ್ನೂ ಇಬ್ಬರು ಹುಡುಗರನ್ನೂ ಸಂಬಳಕ್ಕೆ ಇಟ್ಟ ದಿನವೇ ಆ ಕಾಯ್ದೆಯ ನೆರಳಿನಿಂದ ಹೊರಬಿದ್ದೆವು. ಅತ್ತ ಹೋಟೆಲ್ಲಿನವರ ಸಾಲಿಗೂ ಸೇರಲಿಲ್ಲ. ಮೂರು ಜನಕ್ಕೆ ಕೆಲಸ ಕೊಟ್ಟವನು ಬೀದಿಯಲ್ಲಿ ಅಕ್ರಮವಾದ.

ಆ ಕಾಯ್ದೆ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ತಳ್ಳುಗಾಡಿಯವರ ಒಂದಡಿ ಜಾಗವೂ ನಮಗೆ ಬೇಡ. ಪಟ್ಟಣ ಮಾರಾಟ ಸಮಿತಿಯ ಅಧ್ಯಕ್ಷರು ತಾವೇ. ಅದರ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕೆಂದು ಕಾನೂನಿದೆ. ಅವರನ್ನು ಕೂರಿಸಿಕೊಂಡು, ಅವರ ಒಪ್ಪಿಗೆಯಿಂದಲೇ ಫುಡ್ ಟ್ರಕ್‌ಗೆ ಬೇರೆ ಪರವಾನಗಿ ಮಾಡಿ. ಗಾಡಿ ನಂಬರು, ಮಾಲೀಕನ ಹೆಸರು, ಕೆಲಸದವರ ಹೆಸರು ಅದರಲ್ಲಿರಲಿ. ಹಗಲು ಕಾರು ನಿಲ್ಲಿಸುವ, ಸಂಜೆ ಖಾಲಿ ಬೀಳುವ ಪಾರ್ಕಿಂಗ್ ಜಾಗಗಳು ಊರಲ್ಲಿ ಬೇಕಾದಷ್ಟಿವೆ. ಆರರಿಂದ ಹನ್ನೊಂದರವರೆಗೆ ಅವುಗಳಲ್ಲಿ ನಮಗೆ ಗೆರೆ ಎಳೆದುಕೊಡಿ. ಅಲ್ಲೊಂದು ಕುಡಿಯುವ ನೀರಿನ ನಲ್ಲಿ, ಕೊಳೆನೀರು ಸುರಿಯಲು ಒಳಚರಂಡಿಗೆ ಸೇರುವ ಒಂದು ಬಾಯಿ ಇದ್ದರೆ ಸಾಕು. ಗಲೀಜು ಮಾಡಿದವರಿಗೆ ದಂಡ ಹಾಕಿ, ಮತ್ತೆ ಮಾಡಿದರೆ ಪರವಾನಗಿ ಕಿತ್ತುಕೊಳ್ಳಿ.

ಜಾಗ ಬಿಟ್ಟಿ ಬೇಡ. ತಿಂಗಳ ಬಾಡಿಗೆ ತಾವೇ ನಿಗದಿ ಮಾಡಿ, ರಸೀದಿ ಹರಿಯಿರಿ. ರಸ್ತೆಯಲ್ಲಿ ನಿಲ್ಲುವುದಕ್ಕೆ ನಾವು ಈಗಲೂ ದುಡ್ಡು ಕೊಡುತ್ತಲೇ ಇದ್ದೇವೆ. ಅದು ಪಾಲಿಕೆಯ ಖಜಾನೆಗೆ ಬರುತ್ತಿಲ್ಲ, ಅಷ್ಟೆ.

ಇತಿ ತಮ್ಮ ವಿಶ್ವಾಸಿ,
ಎರಡು ಗಾಡಿಗಳ ಒಬ್ಬ ಮಾಲೀಕ