ನನ್ನ ಫೋನಲ್ಲಿ ಬರ್ತೈತಲ್ಲ!

ಮನೆಯ ಮದುವೆಯೊಂದಕ್ಕೆ ಸಣ್ಣ ವೆಬ್‌ಸೈಟ್ ಮಾಡಿದ್ದೆವು. ಅದರಲ್ಲಿ ಅಮ್ಮನ ಸೋಬಾನೆ ಪದ ಇರಲೇಬೇಕೆಂದು ಎಲ್ಲರ ಹಟ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ, ಅಮ್ಮನ ಮುಂದೆ ಮೊಬೈಲ್ ಹಿಡಿದು ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಆಗಿ ರೆಕಾರ್ಡ್ ಮಾಡಿಕೊಂಡೆ. ಆ ಫೈಲನ್ನೇ ಸೈಟಿಗೆ ಏರಿಸಿದೆ. ಸಂಜೆ ಹರಿಹರದಿಂದ ತಂಗಿಯ ಫೋನು: "ಅಣ್ಣಾ, ಬಟನ್ ಒತ್ತಿದ್ರೂ ಏನೂ ಬರ್ತಿಲ್ಲ." ನಾನಂದೆ: "ನನ್ನ ಫೋನಲ್ಲಿ ಬರ್ತೈತಲ್ಲಮ್ಮ!"

ವೆಬ್‌ಸೈಟಿಗೆ ಆಡಿಯೋ ಹಾಕುವವರೆಲ್ಲ ಒಮ್ಮೆಯಾದರೂ ಆಡುವ ಮಾತಿದು. ತನ್ನ ಫೋನಿನಲ್ಲಿ ಕೇಳಿಸಿದ್ದಷ್ಟಕ್ಕೆ ಊರಿಗೆಲ್ಲ ಕೇಳಿಸೀತೆಂಬ ಖಾತ್ರಿ ಇಲ್ಲ.

ಆಡಿಯೋ ಫೈಲೆಂದರೆ ಅಡುಗೆಮನೆಯ ಡಬ್ಬಿ ಇದ್ದಂತೆ. ಡಬ್ಬಿ ಬೇರೆ, ಒಳಗಿನ ದಿನಸಿ ಬೇರೆ. ದನಿಯನ್ನು ಹಿಂಡಿ ಚಿಕ್ಕದು ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ, ಅದೇ ದಿನಸಿ. ಆಂಡ್ರಾಯ್ಡ್ ವಾಟ್ಸ್‌ಆ್ಯಪ್ ಉಳಿಸಿಡುವ ವಾಯ್ಸ್ ಮೆಸೇಜು ಆಗ್ ಎಂಬ ಡಬ್ಬಿಯೊಳಗಿನ ಓಪಸ್. ಇದನ್ನು ಕ್ರೋಮ್, ಫೈರ್‌ಫಾಕ್ಸ್ ಬಹಳ ಹಿಂದಿನಿಂದಲೇ ನುಡಿಸುತ್ತಿವೆ. ಆಪಲ್‌ನ ಸಫಾರಿ ಈ ಡಬ್ಬಿಯನ್ನು ತೆರೆಯಲು ಕಲಿತದ್ದು 2025ರಲ್ಲಿ, 18.4ನೇ ಆವೃತ್ತಿಯಲ್ಲಿ. ಹಳೆಯ ಐಫೋನಿಗೆ ಕ್ರೋಮ್ ಹಾಕಿಕೊಂಡರೂ ನಮ್ಮಲ್ಲಿ ಪ್ರಯೋಜನವಿಲ್ಲ. ಹೆಸರು ಕ್ರೋಮ್ ಆದರೂ ಒಳಗಿನ ಎಂಜಿನ್ ಸಫಾರಿಯದೇ. ಹಾಗಾದರೆ ಅದೇ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಹೇಗೆ ಕೇಳುತ್ತದೆ? ಓಪಸ್ ಬಿಡಿಸಿ ನುಡಿಸುವ ವ್ಯವಸ್ಥೆಯನ್ನು ಆ ಆ್ಯಪ್ ತನ್ನೊಳಗೇ ಇಟ್ಟುಕೊಂಡಿದೆ.

ಇದು ಗೊತ್ತಿಲ್ಲದೆ ನಾನು ಫೈಲ್ ಹೆಸರಿನ ಬಾಲ ಕತ್ತರಿಸಿ ಎಂಪಿ3 ಎಂದು ಬರೆದೆ. ಉಪ್ಪಿನ ಡಬ್ಬಿಗೆ ಸಕ್ಕರೆಯ ಚೀಟಿ ಅಂಟಿಸಿದ ಕೆಲಸ. ಫೈಲನ್ನು ನಿಜವಾಗಿ ಪರಿವರ್ತಿಸಬೇಕು. ಆಡಾಸಿಟಿಯಂಥ ಉಚಿತ ತಂತ್ರಾಂಶ ಅಷ್ಟಕ್ಕೆ ಸಾಕು. ಪರಿವರ್ತನೆಯಲ್ಲಿ ದನಿ ಸ್ವಲ್ಪ ಸೊರಗುತ್ತದೆ, ಮೂಲ ಫೈಲನ್ನು ಅಳಿಸಬೇಡಿ.

ಎಲ್ಲ ಬ್ರೌಸರುಗಳೂ ಒಂದೇ ಮಾದರಿಯನ್ನು ಒಪ್ಪಬಹುದಿತ್ತಲ್ಲ? ಆ ಜಗಳ ಹಳೆಯದು. ಎಚ್‌ಟಿಎಂಎಲ್5 ಕರಡಿನಲ್ಲಿ ಆಗ್ ಅನ್ನು ಶಿಫಾರಸು ಮಾಡಲಾಗಿತ್ತು. ಆಪಲ್, ನೋಕಿಯಾ ಆಕ್ಷೇಪಿಸಿದ ಮೇಲೆ 2007ರಲ್ಲಿ ಆ ಸಾಲನ್ನೇ ತೆಗೆದರು. 2009ರಲ್ಲಿ ಬಂದ ಫೈರ್‌ಫಾಕ್ಸ್ 3.5 ಪೇಟೆಂಟ್ ಕಾಟದ ಎಂಪಿ3ಯನ್ನು ಮುಟ್ಟಲಿಲ್ಲ, ಸಫಾರಿ ಆಗ್ ಕಡೆ ತಿರುಗಿ ನೋಡಲಿಲ್ಲ. ಕನ್ನಡ ವಿಕಿಪೀಡಿಯ ತನ್ನ ಆಡಿಯೋಗೆ ನೆಚ್ಚಿರುವ ವಿಕಿಮೀಡಿಯ ಕಾಮನ್ಸ್ ಕೂಡ ಎಂಪಿ3ಯನ್ನು ವರ್ಷಗಟ್ಟಲೆ ಹೊರಗಿಟ್ಟಿತ್ತು. 2017ರಲ್ಲಿ ಪೇಟೆಂಟುಗಳ ಕಾಲ ಮುಗಿಯಿತು. ಈಗ ಅಲ್ಲಿ ಆಗ್ ಏರಿಸಿದರೆ ಎಂಪಿ3 ಪ್ರತಿಯೂ ತಾನಾಗಿ ತಯಾರಾಗುತ್ತದೆ.

ಹೀಗಾಗಿ ಇವತ್ತು ಒಂದೇ ಫೈಲ್ ಇಡುವುದಾದರೆ ಎಂಪಿ3 ಇಡಿ. ಎರಡಿದ್ದರೆ ಒಂದರ ಕೆಳಗೊಂದು ಬರೆಯಿರಿ. ಬ್ರೌಸರ್ ಮೇಲಿನಿಂದ ನೋಡುತ್ತಾ ಬಂದು ತನಗೆ ಒಗ್ಗುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. "ಇದು ನಿನಗೆ ಬರುತ್ತದಾ?" ಎಂದು ಕೋಡ್ ಮೂಲಕ ಕೇಳುವುದಕ್ಕೂ ದಾರಿಯಿದೆ. ಆದರೆ ಬ್ರೌಸರ್ ಹೌದು ಎಂದು ಎದೆ ತಟ್ಟಿ ಹೇಳುವುದೇ ಇಲ್ಲ. "ಬಹುಶಃ" ಅನ್ನುತ್ತದೆ, "ಇದ್ದರೂ ಇರಬಹುದು" ಅನ್ನುತ್ತದೆ, ಬಾರದಿದ್ದರೆ ಮೌನ. ಸಂಬಂಧ ಕುದುರಿಸುವವರ ಮಾತೂ ಇಷ್ಟು ಜಾಣ ಇರಲಾರದು.

ಫೈಲ್ ಸರಿಯಿದ್ದೂ ದನಿ ಬಾರದಿದ್ದರೆ ಸರ್ವರ್ ಕಡೆ ನೋಡಿ. ಐಫೋನ್ ಫೈಲನ್ನು ತುಂಡುತುಂಡಾಗಿ ಕೇಳುತ್ತದೆ. ಹಾಗೆ ಕೊಡಲು ಬಾರದ ಸರ್ವರ್ ಇದ್ದರೆ ಪ್ಲೇಯರ್ ಮುಷ್ಕರ ಹೂಡುತ್ತದೆ.

ಪುಟ ತೆರೆದ ಕೂಡಲೇ ತಾನಾಗಿ ಓಲಗ ಮೊಳಗಬೇಕು ಎಂಬ ಆಸೆಯನ್ನಂತೂ ಬಿಡಿ. ಓದುಗ ಮುಟ್ಟುವ ಮೊದಲೇ ಸದ್ದು ಮಾಡುವ ಪುಟಗಳಿಗೆ ಕ್ರೋಮ್ 2018ರಿಂದ ಕಡಿವಾಣ ಹಾಕಿದೆ. ಉಳಿದ ಬ್ರೌಸರುಗಳಲ್ಲೂ ಇಂಥ ನಿರ್ಬಂಧಗಳಿವೆ. ಬಸ್ಸಿನಲ್ಲಿ ಕೂತು ಆಮಂತ್ರಣ ತೆರೆದವರ ಪರವಾಗಿ ನಾನು ಇದನ್ನು ಸ್ವಾಗತಿಸುತ್ತೇನೆ.

ಪ್ಲೇಯರ್ ಕೆಳಗೆ "ಇಲ್ಲಿ ಒತ್ತಿ ಇಳಿಸಿಕೊಳ್ಳಿ" ಎಂಬ ಬರಿಯ ಲಿಂಕೊಂದನ್ನೂ ಇಟ್ಟೆ. ಪ್ಲೇಯರ್ ಕೈಕೊಟ್ಟಾಗ ಅದೇ ಆಸರೆ. ನಾಲ್ಕು ನಿಮಿಷದ ಪದ, 64 ಕೆಬಿಪಿಎಸ್ ಎಂಪಿ3 ಮಾಡಿದಾಗ ಎರಡು ಎಂಬಿಯೂ ದಾಟಲಿಲ್ಲ. ಒಬ್ಬರೇ ಹಾಡಿದ್ದಕ್ಕೆ ಅಷ್ಟು ಸಾಕು. ಆಮೇಲೆ ಮನೆಯ ಹಳೆಯ ಫೋನುಗಳನ್ನೆಲ್ಲ ಡ್ರಾಯರಿನಿಂದ ತೆಗೆದು ಚಾರ್ಜಿಗೆ ಹಾಕಿ ಒಂದೊಂದರಲ್ಲೂ ಒತ್ತಿ ನೋಡಿದೆ.

ತಂಗಿಯ ಫೋನಿನಲ್ಲೂ ಪದ ಬಂತು. ಅಮ್ಮ ಪೂರ್ತಿ ಕೇಳಿಸಿಕೊಂಡು, "ನಡುವೆ ಒಂದು ನುಡಿ ಬಿಟ್ಟೀನಲ್ಲೋ, ಇನ್ನೊಂದು ಸಲ ಹಿಡ್ಕೋ" ಎಂದಳು.