ಆರೋಗ್ಯದಂಗಳ: ಸೂಜಿಗೆ ಬಂದವರನ್ನು ಹಾಗೇ ಕಳಿಸಬೇಡಿ



ಈ ಸಲದ ಅಂಚೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಿಂದ ಒಂದು ಕಾಗದ ಬಂದಿದೆ. ಬರೆದಾಕೆ ಆಶಾ ಕಾರ್ಯಕರ್ತೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. "ಅಕ್ಕಾ, ಕೊರೊನಾ ಕಾಲದಲ್ಲಿ ಮನೆಮನೆ ತಿರುಗಿ ಜನರನ್ನು ಲಸಿಕೆಗೆ ಕರೆದೆವು. ಕೆಲವರು ಬಂದರು. ಕೆಲವರು ನಮ್ಮ ಮುಖ ಕಂಡ ಕೂಡಲೇ ಬಾಗಿಲು ಹಾಕಿಕೊಂಡರು. ಇನ್ನು ಕೆಲವರು ಬಂದೂ ಹಾಕಿಸಿಕೊಳ್ಳದೆ ವಾಪಸು ಹೋದರು. ಮುಂದೆ ಇಂಥದೇ ಮಾರಿ ಬಂದರೆ ಲಸಿಕೆ ಹಾಕುವ ಜಾಗ ಹೇಗಿರಬೇಕು? ಆದೇಶದ ಕಾಗದ ನಮಗೆ ಬೇಕಾದಷ್ಟು ಬಂದಿವೆ. ಮನೆ ನಡೆಸೋ ಹೆಂಗಸಿನ ಕಣ್ಣಿಂದ ನಾಲ್ಕು ಮಾತು ಬರೀರಿ" ಎಂದು ಕೇಳಿದ್ದಾರೆ.

ಈ ತಂಗಿ ಮೂರು ತರಹದ ಜನರನ್ನು ಹೇಳಿದ್ದಾರೆ. ಬಂದವರ ಬಗ್ಗೆ ಚಿಂತೆಯಿಲ್ಲ. ಬಾಗಿಲು ಹಾಕಿಕೊಂಡವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಂದೂ ವಾಪಸು ಹೋದವರ ಬಗ್ಗೆ ಮಾತಾಡುವವರೇ ಇಲ್ಲ. ನನ್ನ ಚಿಕ್ಕವ್ವ ಅಂಥವರಲ್ಲಿ ಒಬ್ಬಳು. ಆದ್ದರಿಂದ ಮೊದಲು ಅವಳ ಕತೆ ಹೇಳಿಬಿಡುತ್ತೇನೆ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಚಿಕ್ಕವ್ವನಿಗೆ ಆಗ ಅರವತ್ತೆಂಟು. ಹೆದರುವ ಹೆಂಗಸಲ್ಲ. ಬೆಳಿಗ್ಗೆ ಎದ್ದು ದನದ ಕೆಲಸ ಮುಗಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು, ಒಬ್ಬಳೇ ಬಸ್ಸು ಹತ್ತಿ ಹೋದಳು. ಅಲ್ಲಿ ಮಧ್ಯಾಹ್ನದವರೆಗೆ ಕೂತಳು. ಒಂದು ಸೀಸೆಯಲ್ಲಿ ಹತ್ತು ಜನಕ್ಕೆ ಆಗುವ ಮದ್ದು. ಬಂದಿದ್ದವರು ಆರೇ ಮಂದಿ. "ಹತ್ತು ಜನ ಆಗಲಿಲ್ಲ, ಸೀಸೆ ಒಡೆಯೋ ಹಾಗಿಲ್ಲ, ಇನ್ನೊಂದು ದಿನ ಬಾ ಅಜ್ಜಿ" ಅಂದರಂತೆ. ಯಾವ ದಿನ ಎಂದು ಹೇಳಲಿಲ್ಲ. ಹೆಸರು ಬರೆದುಕೊಳ್ಳಲಿಲ್ಲ. ಸಂಜೆ ನನಗೆ ಫೋನಿನಲ್ಲಿ ಅಂದಳು: "ಹೋಗಿ ಬಂದೆ ಕಣೇ. ಬಸ್ ಚಾರ್ಜು ದಂಡ. ಹಬ್ಬ ಮುಗೀಲಿ, ನೋಡಾನ."

ಯುಗಾದಿ ಮುಗಿಯಿತು. ಮನೆಯಲ್ಲಿ ಒಂದು ಮದುವೆ ಬಂತು. ಎರಡನೆಯ ಅಲೆಯೂ ಬಂತು. ಮೇ 5ರಂದು ಒಂದೇ ದಿನ ಕರ್ನಾಟಕದಲ್ಲಿ 50 ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿದ್ದು ಗೊತ್ತಾಯಿತು. ಅದೇ ತಿಂಗಳು ಚಿಕ್ಕವ್ವ ಹೋದಳು. ಆ ಒಂದು ಸೂಜಿ ಅವಳನ್ನು ಉಳಿಸಿಬಿಡುತ್ತಿತ್ತು ಎಂದು ನಾನು ಆಣೆ ಮಾಡಲಾರೆ. ಆದರೆ ಅವಳು ಹೋಗಿದ್ದಳು, ಕೂತಿದ್ದಳು, ತೋಳು ಕೊಡಲು ಸಿದ್ಧಳಾಗಿದ್ದಳು. ವಾಪಸು ಕಳಿಸಿದ್ದು ನಾವು. ಈ ಲೇಖನ ಬರೆಯುವಾಗ ಆ ಮಾತು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಈಗ ತಾಳ್ಯದ ತಂಗಿಗೆ, ಅವರಂಥ ಎಲ್ಲ ಸೋದರಿಯರಿಗೆ, ನನ್ನ ಸಲಹೆಗಳು.

ಒಂದು: ಬಂದವರ ಹೆಸರು ಮೊದಲು ಬರೆದುಕೊಳ್ಳಿ

ಯಾರೇ ಬಂದರೂ ಮೊದಲ ಕೆಲಸ ಹೆಸರು, ಊರು, ಫೋನ್ ನಂಬರು ಬರೆಯುವುದು. ಫೋನ್ ಇಲ್ಲದವರಿಗೆ ಪಕ್ಕದ ಮನೆಯವರದೋ ಅಂಗಡಿಯವರದೋ ನಂಬರು ಸಾಕು. ಹತ್ತು ಜನ ಆಗದಿದ್ದರೆ ಆ ಪಟ್ಟಿ ಹಿಡಿದು ಹತ್ತಿರದವರನ್ನು ಕರೆಯಿರಿ. ಬೇಗ ಬರಬಲ್ಲವರ ಒಂದು ಪಟ್ಟಿ ಹಿಂದಿನ ದಿನವೇ ತಯಾರಿರಲಿ. ಮದುವೆ ಮನೆಯಲ್ಲಿ ಎಲೆ ಉಳಿದರೆ ಬೀದಿಯವರನ್ನು ಕರೆಯುವುದಿಲ್ಲವೇ? ಹಾಗೆ. ಅಷ್ಟಾದರೂ ಜನ ಸೇರದಿದ್ದರೆ ಸೀಸೆ ಒಡೆಯುವುದೇ ಮೇಲು ಎಂದು ನಾನು ಹೇಳುವೆ. ಮಕ್ಕಳ ದಡಾರ ಲಸಿಕೆಯ ವಿಷಯದಲ್ಲಿ, ಒಂದೇ ಮಗು ಬಂದರೂ ಸೀಸೆ ಒಡೆಯಿರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚೆಲ್ಲಿದ ಮದ್ದು ಮತ್ತೆ ತರಿಸಬಹುದು. ಬೇಸತ್ತು ಹೋದ ಮುದುಕಿಯನ್ನು ಮತ್ತೆ ತರಿಸುವುದು ಕಷ್ಟ. ಮೇಲಿನವರು ಒಪ್ಪದಿದ್ದರೆ, ಕೊನೆಯಪಕ್ಷ ದಿನ, ಹೊತ್ತು ಬರೆದ ಚೀಟಿಯನ್ನು ಕೈಗೆ ಕೊಟ್ಟು ಕಳಿಸಿ. ಆ ದಿನ ಅವರೇ ಮೊದಲು.

ಎರಡು: ಜಾಗ, ಹೊತ್ತು

ಕೊರೊನಾ ಲಸಿಕೆಗೆ ಮೂರು ಕೋಣೆ ಇರಬೇಕೆಂದು ಸರ್ಕಾರ ಹೇಳಿತ್ತು: ಕಾಯಲು ಒಂದು, ಸೂಜಿಗೆ ಒಂದು, ಆಮೇಲೆ ಕೂರಲು ಒಂದು. ಇದು ಒಳ್ಳೆಯ ಕ್ರಮ. ಮೂರು ಕೋಣೆ ಇಲ್ಲದ ಹಳ್ಳಿಯಲ್ಲಿ ಶಾಲೆಯ ಜಗುಲಿ, ಒಂದು ಕೊಠಡಿ, ಹಿಂದಿನ ಮರದ ನೆರಳು ಸಾಕು. ಬರುವ ಬಾಗಿಲು ಬೇರೆ, ಹೋಗುವ ಬಾಗಿಲು ಬೇರೆ ಇರಲಿ. ಕಿಟಕಿ ಎಲ್ಲ ತೆರೆದಿರಲಿ. ಉಸಿರಿನಿಂದ ಹರಡುವ ರೋಗಕ್ಕೆ ಗಾಳಿಯೇ ದೊಡ್ಡ ವೈದ್ಯ. ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಮುದುಕರಿಗೆ ಬೆಂಚು ಇಲ್ಲದ ಜಾಗ ಬೇಡವೇ ಬೇಡ.

ಹೊತ್ತಿನ ವಿಷಯ ಇನ್ನೂ ಮುಖ್ಯ. ನಮ್ಮ ಹೊಳಲ್ಕೆರೆ ಸೀಮೆಯಲ್ಲಿ ಅಡಿಕೆ ಸುಲಿಯುವ ಕಾಲ ಬಂತೆಂದರೆ ಹೆಂಗಸರು ಮನೆಯಲ್ಲಿ ಸಿಗುತ್ತಾರೆಯೇ? ಬೆಳಿಗ್ಗೆ ಹತ್ತಕ್ಕೆ ಬಾ ಎಂದರೆ ಆಕೆ ಒಂದು ದಿನದ ಕೂಲಿ ಬಿಟ್ಟು ಬರಬೇಕು. ವಾರಕ್ಕೊಂದು ದಿನವಾದರೂ ಸಂಜೆ ಹಾಕಿ, ಇಲ್ಲವೇ ಕಣಕ್ಕೇ ಹೋಗಿ. ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಸಾರಿ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಮೂರು: ಫೋನ್ ಇಲ್ಲದವಳೂ ಮನುಷ್ಯಳೇ

2021ರ ಮೇ 1ರಿಂದ ಹದಿನೆಂಟು ದಾಟಿದವರಿಗೆ ಲಸಿಕೆ ಎಂದರು. ಆದರೆ ನಲವತ್ತೈದರೊಳಗಿನವರು ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕಿತ್ತು. ಸ್ಥಳದಲ್ಲೇ ನೋಂದಣಿಗೆ ಅವಕಾಶವಾದದ್ದು ಮೇ 24ರಂದು, ಅದೂ ಸರ್ಕಾರಿ ಕೇಂದ್ರಗಳಲ್ಲಿ. ಮನೆಗೊಂದೇ ಫೋನ್, ಅದೂ ಯಜಮಾನರ ಜೇಬಿನಲ್ಲಿ. ಇಂಥ ಮನೆಯ ಸೊಸೆಯಂದಿರು ಏನು ಮಾಡಬೇಕಿತ್ತು? ಮುಂದೆ ಎಂದಾದರೂ ಹೀಗೆ ಬಂದರೆ, ಫೋನಿನಲ್ಲಿ ಬಂದವರಿಗೆ ಎಷ್ಟು ಜಾಗವೋ ಕಾಲ್ನಡಿಗೆಯಲ್ಲಿ ಬಂದವರಿಗೂ ಅಷ್ಟೇ ಜಾಗ ಮೊದಲ ದಿನದಿಂದಲೇ ತೆಗೆದಿಡಿ. ಬರೆಯುವುದಕ್ಕೆ ಕಾಲೇಜು ಓದುವ ಇಬ್ಬರು ಹುಡುಗಿಯರನ್ನು ಕೂರಿಸಿದರೆ ಸಾಕು.

ನಾಲ್ಕು: ಒಂದು ಪರದೆ ಕಟ್ಟಿ

ಇದು ಸಣ್ಣ ಮಾತೆಂದು ಗಂಡಸರು ನಗಬಹುದು. ಲಸಿಕೆ ಹಾಕುವುದು ಭುಜದ ಕೆಳಗಿನ ದಪ್ಪ ಸ್ನಾಯುವಿಗೆ. ಬಿಗಿ ತೋಳಿನ ರವಿಕೆ ತೊಟ್ಟು ಬಂದವಳು ಎಲ್ಲರೆದುರು ಏನು ಮಾಡಬೇಕು? ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ. ಆದಷ್ಟೂ ಹೆಣ್ಣುಮಗಳೇ ಸೂಜಿ ಹಾಕಲಿ. ಸೋದರಿಯರೇ, ನೀವೂ ಆ ದಿನ ಸಡಿಲ ತೋಳಿನ ರವಿಕೆ ತೊಟ್ಟು ಹೋಗಿ.

1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಣ್ಣುಮಕ್ಕಳ ಚಿತ್ರ ಬರೆದ. ಅದರಲ್ಲಿ ಎಳೆಯ ರಾಣಿಯೊಬ್ಬಳು ಸೆರಗಿನ ಅಂಚು ಸರಿಸಿ ತೋಳಿನ ಕಡೆ ಬೆರಳು ಮಾಡಿದ್ದಾಳೆ. ಆಗ ಹೊಸತಾಗಿ ಬಂದಿದ್ದ ಸಿಡುಬಿನ ಲಸಿಕೆಯನ್ನು ಜನ ಒಪ್ಪಲಿ ಎಂದೇ ಆ ಚಿತ್ರ ಬರೆಸಿರಬೇಕು, ಆ ಎಳೆಯಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ. ಇಬ್ಬರು ಹಾಕಿಸಿಕೊಂಡು ಚೆನ್ನಾಗಿರುವುದನ್ನು ಕಂಡರೆ ಇಪ್ಪತ್ತು ಜನ ಬರುತ್ತಾರೆ. ಅಂದಿಗೂ ಹಾಗೇ, ಇಂದಿಗೂ ಹಾಗೇ. ಊರಿನ ಹಿರಿಯಳು, ಟೀಚರಮ್ಮ, ಸೂಲಗಿತ್ತಿ ಮೊದಲ ಸಾಲಿನಲ್ಲಿ ಕೂರಲಿ.

ಐದು: ಮದ್ದನ್ನು ಹಾಲಿನ ಹಾಗೆ ಕಾಯಿರಿ

ಲಸಿಕೆ ಬಿಸಿಯಾದರೂ ಕೆಡುತ್ತದೆ. ಎಷ್ಟೋ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡನ್ನೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕಿತ್ತು. ಲಸಿಕೆಯ ಫ್ರಿಜ್ಜಿನಲ್ಲಿ ಮೊಸರು, ನೀರಿನ ಬಾಟಲಿ, ಮಲ್ಲಿಗೆ ಹೂವು ಇಡಕೂಡದು. ಸುಮ್ಮಸುಮ್ಮನೆ ಬಾಗಿಲು ತೆರೆಯಕೂಡದು. ಪೆಟ್ಟಿಗೆಗೆ ಹಾಕುವ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆ ಪೆಟ್ಟಿಗೆಗೆ ಹಾಕಿ. ಸೀಸೆ ತೆರೆದ ಹೊತ್ತನ್ನು ಅದರ ಮೇಲೇ ಬರೆಯಿರಿ. ತೆರೆದ ಕೋವಿಶೀಲ್ಡ್ ಸೀಸೆಯನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಹಾಕಕೂಡದು ಎಂಬ ನಿಯಮವಿತ್ತು. ನಾಳೆ ಬರುವ ಲಸಿಕೆಯ ನಿಯಮ ಬೇರೆ ಇದ್ದೀತು. ಸೀಸೆಯ ಜೊತೆ ಬಂದ ಚೀಟಿ ಓದದೆ ಕೈ ಹಾಕಬೇಡಿ.

ಒಬ್ಬರಿಗೆ ಒಂದು ಸಿರಿಂಜು. ಪೊಟ್ಟಣವನ್ನು ಎದುರಿಗೇ ಒಡೆಯಿರಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಚುಚ್ಚಿಕೊಳ್ಳುವುದು ಆಗಲೇ. ಕೂಡಲೇ ಕಟರಿಗೆ ಹಾಕಿ.

ಆರು: ಸೂಜಿಗೆ ಮುಂಚೆ, ಸೂಜಿಯ ನಂತರ

ಕೇಳಬೇಕಾದ ಪ್ರಶ್ನೆ ನಾಲ್ಕು. ಇವತ್ತು ಜ್ವರ ಇದೆಯೇ? ಹಿಂದೆ ಯಾವುದಾದರೂ ಸೂಜಿ, ಔಷಧಿ ಒಗ್ಗದೆ ಮೈ ಊದಿತ್ತೇ, ಉಸಿರು ಕಟ್ಟಿತ್ತೇ? ರಕ್ತ ತೆಳುವಾಗಲು ಮಾತ್ರೆ ತಿನ್ನುತ್ತೀರಾ? ಬಸುರಿಯೇ? ಕೊನೆಯದನ್ನು ಪಿಸುದನಿಯಲ್ಲಿ ಕೇಳಿ, ಅತ್ತೆಯ ಮುಂದೆ ಕೂಗಿ ಕೇಳಬೇಡಿ.

ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಎರಡು ಬಿಸ್ಕತ್ತಾದರೂ ಕೊಡಿ; ಹೆದರಿಕೆ, ಹಸಿವು ಎರಡೂ ಸೇರಿದರೆ ತಲೆ ಸುತ್ತುತ್ತದೆ. ಸೂಜಿಯಾದ ಮೇಲೆ ಆ ಜಾಗ ಉಜ್ಜಬಾರದು. ಅರ್ಧ ಗಂಟೆ ಕೂರಿಸಲೇಬೇಕು. ಮುಖ ಊದುವುದು, ಮೈಯೆಲ್ಲ ದದ್ದು ಏಳುವುದು, ಉಸಿರಾಡಲು ಕಷ್ಟವಾಗುವುದು ಅಪರೂಪ. ಬಂದರೆ ಸಾಮಾನ್ಯವಾಗಿ ಆ ಅರ್ಧ ಗಂಟೆಯಲ್ಲೇ ಬರುತ್ತದೆ. ಅಡ್ರಿನಲಿನ್ ಚುಚ್ಚುಮದ್ದು ಮೇಜಿನ ಮೇಲೆ ಸಿದ್ಧವಿರಲಿ, ಬೀರುವಿನೊಳಗೆ ಬೀಗ ಹಾಕಿಡಬೇಡಿ. 108ಕ್ಕೆ ಫೋನ್ ಮಾಡುವವರು ಯಾರೆಂದು ಮೊದಲೇ ಗೊತ್ತಾಗಿರಲಿ.

ಕಳಿಸುವಾಗ ನಾಲ್ಕು ಮಾತು ಹೇಳಿ: ಹಾಕಿದ್ದು ಯಾವ ಲಸಿಕೆ, ಮೈಯಲ್ಲಿ ಏನಾಗಬಹುದು, ಮುಂದಿನದು ಯಾವಾಗ, ಚೀಟಿ ಜೋಪಾನ. ಕೋವಿಶೀಲ್ಡಿನ ಎರಡು ಸೂಜಿಯ ನಡುವಿನ ಅಂತರ ಮೊದಲು ನಾಲ್ಕು ವಾರವಿದ್ದು, 2021ರ ಮೇ ತಿಂಗಳಿಗೆ 12ರಿಂದ 16 ವಾರವಾಯಿತು. ಜನಕ್ಕೆ ಗಲಿಬಿಲಿಯಾಯಿತು. ನಿಯಮ ಬದಲಾದರೆ "ಬದಲಾಗಿದೆ, ಕಾರಣ ಇದು" ಎಂದು ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟರೆ ಸಂಶಯ ಹುಟ್ಟುತ್ತದೆ.

ಏಳು: ಗಾಳಿಮಾತಿಗೆ ಬೈಗುಳ ಮದ್ದಲ್ಲ

"ಮುಟ್ಟಿನ ಐದು ದಿನ ಹಿಂದೆ, ಐದು ದಿನ ಮುಂದೆ ಹಾಕಿಸಬಾರದಂತೆ" ಎಂಬ ಸುದ್ದಿ 2021ರ ಏಪ್ರಿಲ್‌ನಲ್ಲಿ ದೇಶವೆಲ್ಲ ಸುತ್ತಿತು. ಅದು ಸುಳ್ಳೆಂದು ಸರ್ಕಾರವೇ ಹೇಳಿತು. ಮಕ್ಕಳಾಗುವುದಿಲ್ಲ ಎಂದದ್ದೂ ಸುಳ್ಳೇ. ಹಾಲೂಡಿಸುವ ತಾಯಂದಿರಿಗೆ ಆ ವರ್ಷದ ಮೇ ತಿಂಗಳಲ್ಲಿ, ಬಸುರಿಯರಿಗೆ ಜುಲೈ 2ರಂದು ಒಪ್ಪಿಗೆ ಸಿಕ್ಕಿತು. ಕೇಳಿದವಳನ್ನು "ಓದಿಲ್ಲವಾ, ಬುದ್ಧಿ ಇಲ್ಲವಾ" ಎಂದು ಗದರಿದರೆ ಆಕೆ ಮತ್ತೆ ಬರುವುದಿಲ್ಲ, ಓಣಿಯವರನ್ನೂ ಬಿಡುವುದಿಲ್ಲ. ಕೂರಿಸಿ, ಕೇಳಿ, ಆಮೇಲೆ ಹೇಳಿ. ಅಪರೂಪದ ತೊಂದರೆಯನ್ನೂ ಮುಚ್ಚಿಡಬೇಡಿ. ಕೋವಿಶೀಲ್ಡ್ ಹಾಕಿಸಿಕೊಂಡ 20 ದಿನದೊಳಗೆ ಎದೆನೋವು, ಉಸಿರಾಟದ ಕಷ್ಟ, ಬಿಡದ ತಲೆನೋವು, ಕಾಲು ಊತ ಕಂಡರೆ ಕೂಡಲೇ ಬನ್ನಿ ಎಂದು ಸರ್ಕಾರ ಎಚ್ಚರಿಸಿತ್ತು. ಇಂಥದನ್ನು ಮೊದಲೇ ಹೇಳಿದವರ ಮಾತನ್ನು ಜನ ನಂಬುತ್ತಾರೆ.

ಎಂಟು: ಮಕ್ಕಳ ಸೂಜಿ ನಿಲ್ಲಬಾರದು

ಮಹಾಮಾರಿಯ ಗಲಾಟೆಯಲ್ಲಿ ತೊಟ್ಟಿಲ ಕೂಸುಗಳನ್ನು ಮರೆತೆವು. 2020ರಲ್ಲಿ ಜಗತ್ತಿನಲ್ಲಿ 2 ಕೋಟಿ 30 ಲಕ್ಷ ಮಕ್ಕಳಿಗೆ ಮಾಮೂಲಿ ಲಸಿಕೆಗಳು ಪೂರ್ತಿ ಸಿಗಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಲೆಕ್ಕ ಹಾಕಿದವು. ದಡಾರ, ಗಂಟಲುಮಾರಿ ಇಂಥ ಸಮಯವನ್ನೇ ಕಾಯುತ್ತಿರುತ್ತವೆ. ತಾಯಿ ಕಾರ್ಡು ಹಿಡಿದು ಬರುವ ಬಾಣಂತಿಗೆ ಬೇರೆ ದಿನ ಇಡಿ, ಆಗದಿದ್ದರೆ ಬೇರೆ ಕೋಣೆ, ಬೇರೆ ಬಾಗಿಲು. ಕೆಮ್ಮುವವರ ಸಾಲಿನಲ್ಲಿ ಕೂಸನ್ನು ನಿಲ್ಲಿಸಬೇಡಿ.

ಸೂಜಿ ಹಾಕಿಸಿಕೊಂಡ ದಿನಕ್ಕೊಂದು ಅಂಬಲಿ

ಆ ರಾತ್ರಿ ಸ್ವಲ್ಪ ಜ್ವರ, ಮೈಕೈನೋವು ಬರಬಹುದು. ಒಲೆಯ ಮುಂದೆ ನಿಲ್ಲುವ ಶಕ್ತಿ ಇರುವುದಿಲ್ಲ. ಮುಂಚೆಯೇ ಅಂಬಲಿ ಮಾಡಿಡಿ.

ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ. ಎರಡು ಲೋಟ ನೀರು ಕುದಿಯುವಾಗ ಅದನ್ನು ಸುರಿದು, ಕೈಬಿಡದೆ ತಿರುವುತ್ತಾ ಹೊಳಪು ಬರುವವರೆಗೆ, ಸುಮಾರು ಹತ್ತು ನಿಮಿಷ, ಸಣ್ಣ ಉರಿಯಲ್ಲಿ ಬೇಯಿಸಿ. ಉಪ್ಪು ಹಾಕಿ ಆರಲು ಬಿಡಿ. ಒಂದು ಲೋಟ ಮಜ್ಜಿಗೆ, ಚಿಟಿಕೆ ಜೀರಿಗೆ ಪುಡಿ, ಬೇಕಾದರೆ ಸಣ್ಣಗೆ ಹೆಚ್ಚಿದ ಈರುಳ್ಳಿ ಬೆರೆಸಿ. ಇದು ಔಷಧಿಯಲ್ಲ, ಹೊಟ್ಟೆಗೆ ತಂಪು, ಮೈಗೆ ಆಸರೆ, ಅಷ್ಟೇ. ಜ್ವರಕ್ಕೆ ಕೇಂದ್ರದಲ್ಲಿ ಹೇಳಿದಷ್ಟೇ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಎರಡು ಮೂರು ದಿನಕ್ಕೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಆ ರಾತ್ರಿಯ ಪಾತ್ರೆ ಮನೆಯ ಗಂಡಸರು ತೊಳೆಯಲಿ, ಏನೂ ಆಗುವುದಿಲ್ಲ.

2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪರದೆ ಬಿಚ್ಚಿದೆವು, ಬೆಂಚು ಶಾಲೆಗೆ ಮರಳಿದವು. ಆದರೆ ಮನೆಯಲ್ಲಿ ಕಳ್ಳ ಬಂದು ಹೋದ ಮೇಲೂ ಚಿಲಕ ಸರಿಮಾಡಿಸುವುದೇ ಜಾಣತನ. ತಾಳ್ಯದ ತಂಗೀ, ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಊರಿನ ಮಟ್ಟಿಗೆ ಬರೆದಿಡಿ: ಯಾವ ಜಗುಲಿ, ಯಾವ ಹೊತ್ತು, ಯಾರ ಫೋನು, ಒಬ್ಬರೇ ಇರುವ ಮುದುಕರು ಯಾರು, ಯಾರ ಮಾತನ್ನು ಯಾವ ಕೇರಿ ಕೇಳುತ್ತದೆ. ಆ ಪುಸ್ತಕ ಮುಂದಿನವಳ ಕೈಗೆ ಹೋಗಲಿ.

ಅದರ ಮೊದಲ ಪುಟದಲ್ಲಿ ನನ್ನ ಚಿಕ್ಕವ್ವನ ಸಲುವಾಗಿ ಒಂದು ಸಾಲು ಬರೆಯಿರಿ: "ಬಂದವರನ್ನು ಹಾಗೇ ಕಳಿಸಬೇಡಿ."

ನಿಮ್ಮ ಊರಿನ ಅನುಭವವನ್ನೂ ಬರೆದು ಕಳಿಸಿ, ಸೋದರಿಯರೇ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕೂತು ಮಾತಾಡೋಣ.

ನಿಮ್ಮ ಅಕ್ಕ