ಇವರಿಗೂ ಮನೆ ಕೊಡಿ: ಶಿವಮೊಗ್ಗ, ಭದ್ರಾವತಿಯ ಮನೆ ಮಾಲೀಕರಲ್ಲಿ ಒಂದು ಮನವಿ



ವಿನೋಬನಗರದಲ್ಲೋ ಗೋಪಾಳದಲ್ಲೋ ನಿಮ್ಮ ಮನೆಯ ಮೇಲಂತಸ್ತು ಖಾಲಿ ಇದೆ ಎಂದುಕೊಳ್ಳಿ. ‘ಮನೆ ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ’ ಎಂದು ಗೇಟಿಗೆ ಬೋರ್ಡು ಕಟ್ಟಿದ್ದೀರಿ. ಇಬ್ಬರು ಹೆಂಗಸರು ಐದಾರು ವರ್ಷದ ಮಗುವನ್ನು ಕರೆದುಕೊಂಡು ಮನೆ ನೋಡಲು ಬರುತ್ತಾರೆ. ಒಬ್ಬರು ನರ್ಸು, ಇನ್ನೊಬ್ಬರು ಟೀಚರ್. ಬಾಡಿಗೆ ಒಪ್ಪಿಗೆ, ಅಡ್ವಾನ್ಸೂ ಒಪ್ಪಿಗೆ. ಆಮೇಲೆ ನೀವು ಕೇಳುತ್ತೀರಿ, ‘ಯಜಮಾನ್ರು ಎಲ್ಲಿ ಕೆಲಸದಲ್ಲಿದ್ದಾರೆ?’

‘ನಾವು ಅಕ್ಕತಂಗಿ’ ಅಂದರೆ ಬೀಗದ ಕೈ ಸಿಗುತ್ತದೆ. ‘ನಾವಿಬ್ಬರೂ ಸಂಗಾತಿಗಳು, ಇದು ನಮ್ಮ ಮಗು’ ಅಂದರೆ ಮಾರನೇ ದಿನ ಫೋನಿನಲ್ಲಿ ‘ನಮ್ಮ ನೆಂಟರೇ ಬರ್ತಾರಂತೆ, ಬೇರೆ ಕಡೆ ನೋಡ್ಕೊಳ್ಳಿ’ ಎಂಬ ಉತ್ತರ. ಬಂದವರು ಇಬ್ಬರು ಗಂಡಸರಾದರೆ ಇಷ್ಟು ಮಾತೂ ಇಲ್ಲ. ಬ್ಯಾಚುಲರ್ಸ್ ಎಂದು ಗೇಟಿನಿಂದಲೇ ವಾಪಸ್ಸು. ಜೊತೆಗೆ ಮಗುವಿದ್ದರೆ ಅನುಮಾನ ಇನ್ನೂ ಒಂದು ತೂಕ ಹೆಚ್ಚು.

ನಿಜ ಹೇಳಿದವರಿಗೂ ಬೀಗದ ಕೈ ಕೊಡಿ. ಈ ಕರಪತ್ರ ಕೇಳುವುದು ಇಷ್ಟನ್ನೇ.

‘ಇಂಥವರೆಲ್ಲ ಬೆಂಗಳೂರಿಗೆ ಹೋಗಲಿ’ ಎನ್ನುವವರಿದ್ದಾರೆ. ದುಡ್ಡಿದ್ದವರು ಹೋಗಿದ್ದಾರೆ ಕೂಡ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರೇ ಗೊತ್ತಿರುವುದಿಲ್ಲ, ಯಾರೂ ಯಾರನ್ನೂ ಕೇಳುವುದಿಲ್ಲ. ಆ ಅನುಕೂಲಕ್ಕೆ ತಿಂಗಳು ತಿಂಗಳು ಬೆಲೆ ತೆರಬೇಕು. ಮೆಗ್ಗಾನ್ ಆಸ್ಪತ್ರೆಯಲ್ಲಿ ಕೆಲಸ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದು, ಊರಲ್ಲಿ ವಯಸ್ಸಾದ ತಾಯಿ, ಇಷ್ಟನ್ನು ಬಿಟ್ಟು ಹೋಗಲಾರದವರು ಏನು ಮಾಡಬೇಕು? ನಮ್ಮ ಊರುಗಳಲ್ಲಿ ಸಾಮಾನ್ಯ ಸಂಬಳಕ್ಕೆ ಎಟುಕುವ ಮನೆ ಎಂದರೆ ಮಾಲೀಕರ ಮನೆಯ ಮೇಲಿನದೋ ಹಿಂದಿನದೋ ಒಂದು ಪೋರ್ಷನ್. ನೀರಿನ ಟ್ಯಾಂಕು ಒಂದೇ, ಗೇಟು ಒಂದೇ, ಬಟ್ಟೆ ಒಣಗಿಸುವ ಟೆರೇಸೂ ಒಂದೇ. ಹೀಗಾಗಿ ಬಾಡಿಗೆ ಕೈಗೆಟುಕಿದರಷ್ಟೇ ಸಾಲದು, ಮಾಲೀಕರ ಮನಸ್ಸೂ ಒಪ್ಪಬೇಕು. ಕಾನೂನು ಈ ಗೇಟಿನ ಹತ್ತಿರ ಬರುವುದು ಕಡಿಮೆ.

ಕಾನೂನಿನ ಮಾತು ಬಂತಲ್ಲ, ಅದನ್ನೂ ಬಿಚ್ಚಿ ಹೇಳೋಣ. ‘ನಾಳೆ ಪೊಲೀಸರು ಬಂದರೆ?’ ಎಂಬ ಹೆದರಿಕೆಗೆ ಈಗ ಆಧಾರವಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಾಗಿದೆ. 2022ರಲ್ಲಿ ಹೆರಿಗೆ ರಜೆಯ ಒಂದು ಪ್ರಕರಣದಲ್ಲಿ ಅದೇ ಕೋರ್ಟು, ಮದುವೆಯಾಗದ ಸಂಗಾತಿಗಳ ಮನೆಯೂ ಸಲಿಂಗಿ ಸಂಗಾತಿಗಳ ಮನೆಯೂ ಕುಟುಂಬವೇ ಎಂಬ ಮಾತನ್ನು ದಾಖಲಿಸಿತು. ಆದರೆ 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಜೋಡಿಯಾಗಿ ದತ್ತು ಪಡೆಯುವ ಹಕ್ಕೂ ಮೂರು–ಎರಡರ ಬಹುಮತದಲ್ಲಿ ಬಿದ್ದುಹೋಯಿತು. ಇದನ್ನು ಮುಚ್ಚಿಡುವುದಿಲ್ಲ. ಮರುವರ್ಷ, 2024ರಲ್ಲಿ, ಇಂಥ ಸಂಗಾತಿಗಳನ್ನು ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದೂ ಸ್ಪಷ್ಟಪಡಿಸಿತು. ಅಕ್ಕಿಯ ಲೆಕ್ಕಕ್ಕೆ ಒಂದೇ ಮನೆಯವರಾದವರು ಬಾಡಿಗೆ ಕರಾರಿನಲ್ಲಿ ಯಾಕಾಗಬಾರದು?

ಲಿಂಗತ್ವ ಅಲ್ಪಸಂಖ್ಯಾತರಿಗೆ ಬಾಡಿಗೆ ಮನೆ ನಿರಾಕರಿಸುವುದು ಅವರ ಹಕ್ಕು ರಕ್ಷಣೆಯ 2019ರ ಕಾಯ್ದೆಯ ಪ್ರಕಾರ ತಪ್ಪು. ಸಲಿಂಗಿ ಜೋಡಿಗಳಿಗೆ ಖಾಸಗಿ ಮಾಲೀಕರ ವಿರುದ್ಧ ಅಂಥ ಕಾಯ್ದೆಯ ರಕ್ಷಣೆ ಇಲ್ಲ. ಹಾಗಾಗಿ ಕೋರ್ಟಿಗೆ ಎಳೆಯುತ್ತೇವೆಂದು ನಿಮ್ಮನ್ನು ಹೆದರಿಸಲು ಇದನ್ನು ಹಂಚುತ್ತಿಲ್ಲ. ಈ ಜೋಡಿಗಳಿಗೆ ನೀವು ‘ಇಲ್ಲ’ ಎಂದರೆ ಯಾರೂ ಏನೂ ಮಾಡಲಾರರು. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇವೆ.

ಇನ್ನು ಮಗುವಿನ ವಿಷಯ. ‘ಇವರಿಗೆ ಮಗು ಎಲ್ಲಿಂದ ಬಂತು?’ ಎಂಬ ಕುತೂಹಲ ಎಲ್ಲರಿಗೂ ಇದೆ. ಹಿಂದಿನ ಮದುವೆಯ ಮಗುವಿರಬಹುದು. ಮನೆಯವರ ಒತ್ತಾಯಕ್ಕೆ ತಾಳಿ ಕಟ್ಟಿಸಿಕೊಂಡೋ ಕಟ್ಟಿಯೋ ಎರಡು ಬದುಕು ಹಾಳಾದ ಕಥೆ ನಮಗೆ ಹೊಸದಲ್ಲ. ದತ್ತು ಮಗುವೂ ಇರಬಹುದು. ಮದುವೆಯಾಗದ ಒಂಟಿ ವ್ಯಕ್ತಿ ದತ್ತು ಪಡೆಯಲು ಕಾನೂನಿದೆ, ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗುವನ್ನು ಕೊಡುವುದಿಲ್ಲ. ಹೇಗೆ ಬಂದ ಮಗುವಾದರೂ ಕಾಗದದಲ್ಲಿ ಇಬ್ಬರಲ್ಲಿ ಒಬ್ಬರು ಮಾತ್ರ ಪೋಷಕರು. ರಾತ್ರಿ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಓಡುವ ಇನ್ನೊಬ್ಬರು ಕಾಗದದಲ್ಲಿ ಯಾರೂ ಅಲ್ಲ.

ಮನೆ ಸಿಗಲೆಂದು ಸುಳ್ಳು ಹೇಳಿದಾಗ ಆ ಸುಳ್ಳನ್ನು ಹೊರುವುದು ಮಗು. ‘ಕೆಳಗಿನ ಅಜ್ಜಿ ಕೇಳಿದರೆ ಇವರನ್ನು ದೊಡ್ಡಮ್ಮ ಅನ್ನು, ಅಮ್ಮ ಅನ್ನಬೇಡ’ ಎಂದು ಯುಕೆಜಿಗೆ ಹೋಗುವ ಮಗುವಿಗೆ ಪಾಠ ಹೇಳಬೇಕು. ಮಗು ಒಂದು ದಿನ ಮರೆಯುತ್ತದೆ. ಮೆಟ್ಟಿಲ ಮೇಲಿಂದ ಆ ‘ದೊಡ್ಡಮ್ಮ’ನನ್ನೇ ನೋಡಿ ‘ಅಮ್ಮಾ’ ಎಂದು ಕೂಗುತ್ತದೆ. ಅವತ್ತಿನಿಂದ ಆ ಮನೆಯಲ್ಲಿ ಮಗು ಜೋರಾಗಿ ಮಾತಾಡುವುದು ಕಡಿಮೆಯಾಗುತ್ತದೆ. ‘ಇಂಥ ಮನೆಯಲ್ಲಿ ಮಕ್ಕಳು ಕೆಡುತ್ತವೆ’ ಎನ್ನುವವರು ಈ ಪಾಠ ಯಾರ ಭಯಕ್ಕೆ ನಡೆಯುತ್ತಿದೆ ಎಂದು ಯೋಚಿಸಲಿ. ಭಾರತೀಯ ಮನೋವೈದ್ಯರ ಸಂಘ 2023ರ ಏಪ್ರಿಲ್‌ನಲ್ಲಿ ಹೇಳಿಕೆ ಹೊರಡಿಸಿ, ಸಲಿಂಗಿಗಳು ಮದುವೆಯಾಗಲು, ದತ್ತು ಪಡೆಯಲು ತಕ್ಕವರಲ್ಲ ಎನ್ನಲು ಆಧಾರವಿಲ್ಲ ಎಂದಿತು. ಇಂಥ ಮಕ್ಕಳಿಗೆ ಕಳಂಕ ಅಂಟದಂತೆ ನೋಡಿಕೊಳ್ಳುವ ಹೊಣೆ ಮನೆಯದಷ್ಟೇ ಅಲ್ಲ, ಶಾಲೆ ಮತ್ತು ನೆರೆಹೊರೆಯದೂ ಹೌದು ಎಂದಿತು. ನೆರೆಹೊರೆ ಎಂದರೆ ನಾವೇ.

ಬಾಡಿಗೆ ಕೊಡುವಾಗ ಜಾತಿ ಕೇಳುವ, ‘ವೆಜ್ಜಾ ನಾನ್‌ವೆಜ್ಜಾ’ ಎಂದು ಸುತ್ತಿಬಳಸಿ ಕೇಳುವ ಚಾಳಿಯನ್ನೇ ನಾವಿನ್ನೂ ಬಿಟ್ಟಿಲ್ಲ; ಇಂಥ ಜೋಡಿಗಳಿಗೆ ಮನೆ ಇಲ್ಲವೆನ್ನುವುದು ಅದರದೇ ತಮ್ಮ.

ಭದ್ರಾವತಿಯವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಶಿವಮೊಗ್ಗದ ಬಾಡಿಗೆ ಭಾರವಾದವರು ಬಿ.ಎಚ್. ರಸ್ತೆ ಹಿಡಿದು ನಿಮ್ಮೂರಿಗೆ ಬರುತ್ತಾರೆ. ಸುಮಾರು ಇಪ್ಪತ್ತು ಕಿಲೋಮೀಟರು, ದಿನವಿಡೀ ಬಸ್ಸು. ನಿಮ್ಮೂರಿನ ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಪ್ರಕಟಿಸಿದರು. ಕಾರ್ಖಾನೆ ನಂಬಿ ಬಂದವರು ಊರು ಬಿಟ್ಟಾಗ ಮನೆಗಳು ಖಾಲಿ ಬೀಳುವ ನೋವು ನಿಮಗೆ ಗೊತ್ತು. ಭದ್ರಾವತಿ ಬೆಳೆದದ್ದೇ ಹೊರಗಿನಿಂದ ಬಂದವರಿಂದ. ತಮಿಳರು, ತೆಲುಗರು, ಮಲಯಾಳಿಗಳು, ಬಯಲುಸೀಮೆಯವರು ನ್ಯೂಟೌನಿನಲ್ಲಿ, ಪೇಪರ್‌ಟೌನಿನಲ್ಲಿ ಅಕ್ಕಪಕ್ಕ ಬದುಕಿದರು. ಪಕ್ಕದವರ ಮನೆಯ ಪೂಜೆ ಬೇರೆ, ಅಡುಗೆ ಬೇರೆ, ಭಾಷೆ ಬೇರೆ. ಶಿಫ್ಟಿನ ಸೈರನ್ ಮಾತ್ರ ಎಲ್ಲರಿಗೂ ಒಂದೇ. ಅಷ್ಟು ಬಗೆಯ ಸಂಸಾರಗಳನ್ನು ಅರಗಿಸಿಕೊಂಡ ಊರಿಗೆ ಇನ್ನೊಂದು ಬಗೆಯ ಸಂಸಾರ ಹೆಚ್ಚಾಗದು. ಹಾಗಂತ ಬಾಡಿಗೆ ಕಡಿಮೆ ಎಂಬ ಕಾರಣಕ್ಕೇ ಊರು ಒಳ್ಳೆಯದು ಎನ್ನಲಾಗದು. ಚಿಕ್ಕ ಊರಿನಲ್ಲಿ ಸುದ್ದಿ ಬಸ್ಸಿಗಿಂತ ಮೊದಲೇ ತಲುಪುತ್ತದೆ.

‘ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇಲ್ಲ’ ಎನ್ನುವವರಿಗೆ ದೂರದ ಉದಾಹರಣೆ ಬೇಡ. ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ಪುರೋಹಿತರಿಲ್ಲದ, ಮುಹೂರ್ತವಿಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಮಾಡಿದರು. ಅದು ಮದುವೆಯೇ ಅಲ್ಲ ಎಂದವರು ಇದ್ದರು. ಇವತ್ತು ಮಂತ್ರಮಾಂಗಲ್ಯದ ಆಮಂತ್ರಣ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸಲಿಂಗಿಯೊಬ್ಬನ ಬದುಕಿನ ಕಥೆ ಹೇಳುವ ವಸುಧೇಂದ್ರರ ಪುಸ್ತಕ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಓದಿ ಮೆಚ್ಚಿದವರು ನಮ್ಮಲ್ಲೂ ಇದ್ದಾರೆ. ಕಪಾಟಿನಲ್ಲಿ ಜಾಗ ಕೊಟ್ಟವರು ಮೇಲಿನ ಪೋರ್ಷನ್ನಿನಲ್ಲೂ ಕೊಡಬಹುದು.

ಈ ಹಾಳೆ ಕೈಗೆ ಬಂದ ಸಂಗಾತಿಗಳಿಗೂ ಎರಡು ಮಾತು. ಬಾಡಿಗೆ ಕರಾರನ್ನು ಇಬ್ಬರ ಹೆಸರಿನಲ್ಲೂ ಮಾಡಿಸಿ. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಬೀದಿಗೆ ಬೀಳಬಾರದು. ಮಗುವಿನ ಪೋಷಕತ್ವದ ಬಗ್ಗೆ ವಕೀಲರನ್ನು ಕಂಡು ಉಯಿಲು ಬರೆಸಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯವರು ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸಂದರ್ಶನ ಮಾಡಿ ಆರಿಸುವಂತಿಲ್ಲ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಪೋಷಕಿಯಾಗಬಹುದು ಎಂದು 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮುಂಗಡ ಕೊಡುವ ಮುನ್ನ ಸಂಜೆ ಹೊತ್ತು ಆ ಬೀದಿಯಲ್ಲಿ ಒಂದು ಸುತ್ತು ಬನ್ನಿ. ಅಂಗನವಾಡಿ ಟೀಚರ್ ಜೊತೆ, ಮೂಲೆ ಅಂಗಡಿಯವರ ಜೊತೆ ಮಾತಾಡಿ. ಬ್ರೋಕರ್ ಹೇಳದ್ದನ್ನು ಅವರು ಹೇಳುತ್ತಾರೆ.

ಮಾಲೀಕರೇ, ಬಾಡಿಗೆ ತಿಂಗಳ ಐದನೇ ತಾರೀಖಿನೊಳಗೆ ಬರಬೇಕೆಂದು ಕೇಳಿ. ಗೋಡೆಗೆ ಮೊಳೆ ಹೊಡೆಯಬಾರದೆಂದು ಹೇಳಿ. ನೀರು ಬಿಡುವ ಹೊತ್ತು, ಕಸದ ಗಾಡಿ ಬರುವ ಹೊತ್ತು ತಿಳಿಸಿ. ಆಧಾರ್ ನಕಲು ತೆಗೆದುಕೊಳ್ಳಿ. ಬೇರೆ ಬಾಡಿಗೆದಾರರನ್ನು ಕೇಳುವಷ್ಟನ್ನೇ ಇವರನ್ನೂ ಕೇಳಿ, ಬೀಗ ತೆಗೆದು ಮನೆ ತೋರಿಸಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಯವರಿಗೂ ಕೊಡಿ, ಅವರ ಪೋರ್ಷನ್ನೂ ಖಾಲಿ ಇರಬಹುದು.